ಬಲಭುಜದ ಹೂವು

ಲಂಡನ್ನಿನ ಹ್ಯಾರೋದ ಜೋಡಿಮನೆಯೊಂದರ ಮುಂಗೋಣೆಯಲ್ಲಿ, ಗೋಡೆಯ ಗೂಡಿನೊಳಗೆ, ಕೆಂಗಟ್ಟಿಯ ಬನಶಂಕರಿ ಕುಳಿತಿದ್ದಳು. ಗೇಣುದ್ದದ ಪಂಚಲೋಹದ ಮೂರ್ತಿ. ಬಸವಂತಪ್ಪನವರ ಅಣ್ಣ ಊರಿನಲ್ಲಿ ತೀರಿಕೊಂಡ ವರ್ಷ, ಅಂದರೆ ೧೯೯೫ರಲ್ಲಿ, ಅದು ಇವರ ಕೈಗೆ ಬಂದಿತ್ತು. ಅದರೊಡನೆ ಹೂ ಕೇಳುವ ಹಕ್ಕೂ ಬಂದಿತ್ತು.

ಕೆಂಗಟ್ಟಿ ರವಿಕೆಯ ಖಣ ನೇಯುವವರ ಊರು. ಅಲ್ಲಿ ಹೊಸ ಬಾವಿ ತೋಡಬೇಕಾದರೂ, ಊರೊಟ್ಟಿನ ಜಾಗವನ್ನು ಪರರಿಗೆ ಕೊಡಬೇಕಾದರೂ, ಈ ಮನೆತನದ ಹಿರಿಯನು ತಾಯಿಯ ಎರಡು ಭುಜಗಳಿಗೆ ಒದ್ದೆಯಾದ ಎರಡು ಹೂವಿನೆಸಳುಗಳನ್ನು ಅಂಟಿಸಿ ಕೇಳಬೇಕು. ಬಲಭುಜದ್ದು ಮೊದಲು ಉದುರಿದರೆ ಅಪ್ಪಣೆ, ಎಡಭುಜದ್ದು ಉದುರಿದರೆ ನಿಷೇಧ. ದೀಪಾವಳಿಯಿಂದ ಯುಗಾದಿಯವರೆಗೆ ಮಾತ್ರ ಕೇಳಬೇಕೆಂಬುದು ಕಟ್ಟಳೆ. ಕೇಳುವವರು ಸಮುದ್ರಗಳಾಚೆ ನೆಲೆಸಿದ್ದರೂ ಊರು ಆ ಕಟ್ಟಳೆಯನ್ನು ಬಿಡಲಿಲ್ಲ. ಟೆಲಿಫೋನು ಇತ್ತು.

ಬಸವಂತಪ್ಪನವರು ಮೂವತ್ತು ವರ್ಷ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ಬೆಳಗ್ಗೆ ಸಹಸ್ರನಾಮ, ಅನಂತರ ರೈಲು, ಅನಂತರ ಗಾಜಿನ ನಳಿಗೆಗಳು. ಆ ವಿದ್ಯೆಯನ್ನು ಅವರು ಪಾದರಕ್ಷೆಯಂತೆ ಹೊಸ್ತಿಲಾಚೆ ಬಿಟ್ಟು ದೇವರ ಮುಂದೆ ಬರುತ್ತಿದ್ದರು. ಇವೆರಡು ಎಂದೂ ಒಂದನ್ನೊಂದು ಸೋಕಬಾರದೆಂಬುದು ಅವರ ನಂಬಿಕೆಯಾಗಿತ್ತು.

೨೦೦೧ರ ಜನವರಿಯ ಒಂದು ಶನಿವಾರ ಮಧ್ಯಾಹ್ನ ಮಹಾಲಿಂಗಪ್ಪ ಬಂದ. ಅವನೂ ಕೆಂಗಟ್ಟಿಯವನೇ. ವೆಂಬ್ಲಿಯ ಈಲಿಂಗ್ ರಸ್ತೆಯಲ್ಲಿ ಬಟ್ಟೆಯಂಗಡಿ ಇಟ್ಟು ಬೆಳೆದವನು. ಕಂಕುಳಲ್ಲಿದ್ದ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗಳಿಗೂ ಚಹಾದ ಬಟ್ಟಲುಗಳನ್ನೇ ಭಾರವಿಟ್ಟ.

"ಕಾಕಾ, ನೋಡ್ರಿ. ಬಣ್ಣದ ಮನಿ ಇಲ್ಲಿ, ಹೊಲಿಗಿ ಷೆಡ್ ಇಲ್ಲಿ. ಈ ದೇಶದ ಸಾಲಿ ಹುಡುಗರ ಯೂನಿಫಾರಂ ಎಲ್ಲಾ ಇನ್ನ ಕೆಂಗಟ್ಟಿಯಿಂದ. ನಾಕನೂರು ಮಂದಿಗೆ ಕೆಲಸ! ಊರಾಗ ನಾಕನೂರು ಮಂದಿ ಉಳದಾರೋ ಇಲ್ಲೋ, ಅದ ದೊಡ್ಡ ಚಿಂತಿ ನನಗ."

ಬಸವಂತಪ್ಪನವರ ಬೆರಳು ನಕ್ಷೆಯ ಮೇಲೆ ಸರಿದು ಒಂದು ನೀಲಿ ಚೌಕದ ಬಳಿ ನಿಂತಿತು.

"ಇದೇನೋ?"

"ಬಣ್ಣದ ಹೊಲಸು ನೀರು ನಿಲ್ಲಸೋ ಹೊಂಡ."

"ಕೆರಿಗಿಂತ ಮ್ಯಾಲಿನ ಇಳಕಲಿನ್ಯಾಗ ಐತಲ್ಲೋ."

"ಒಂದು ಫರ್ಲಾಂಗ್ ದೂರ ಐತಿ ಕಾಕಾ. ಅದನ್ನ ಇಂಜಿನಿಯರ್ ನೋಡ್ಕೋತಾನ. ನೀವು ಆಕಿನ್ನ ಕೇಳ್ರಿ, ಸಾಕು. ಕೆರಿ ದಂಡಿ ಜಾಗ ಮಂದಿ ನನ್ನ ಮಾತಿಗೆ ಕೊಡಂಗಿಲ್ಲ, ಹೂವಿಗೆ ಕೊಡ್ತಾರ. ಅಂಗಡಿಗೆ ಒಂದು ಬೋರ್ಡ್ ಹಾಕಾಕ ಇಲ್ಲಿ ಕೌನ್ಸಿಲ್‌ನ ಕೇಳಿದ್ರ ಎರಡು ವರ್ಷ ತಗೊಂಡ್ರು. ತಾಯಿ ಪಾಡ. ಒಂದು ತಾಸಿನ್ಯಾಗ ಹೇಳಿಬಿಡ್ತಾಳ."

ಅಡುಗೆಮನೆಯಿಂದ ಬಂದ ರತ್ನಾಬಾಯಿ, ಬಸವಂತಪ್ಪನವರ ಪತ್ನಿ, ತಟ್ಟೆಯನ್ನು ಸಪ್ಪಳವಾಗುವಂತೆ ಇಟ್ಟರು. "ಕೌನ್ಸಿಲ್ಲಿಗೆ ಹೋಲಸ್ತಿ ಏನೋ ಆಕಿನ್ನ? ಮೊದಲ ಬಾಯಿ ತೊಳಕೋ."

ಮಹಾಲಿಂಗಪ್ಪ ನಕ್ಕ. ಬಸವಂತಪ್ಪನವರು ನಗಲಿಲ್ಲ. ಬಣ್ಣದ ಮನೆಯ ನೀರಿನಲ್ಲಿ ಬಣ್ಣಕ್ಕಿಂತ ಉಪ್ಪು ಹೆಚ್ಚು. ಬಣ್ಣ ಕಣ್ಣಿಗೆ ಕಾಣುತ್ತದೆ, ಉಪ್ಪು ಕಾಣುವುದಿಲ್ಲ. ಅದು ಮಣ್ಣಿನೊಳಗೆ ಇಳಿದು, ಇಳಿಜಾರು ಹಿಡಿದು, ಒಂದು ದಿನ ಕೆರೆಯನ್ನು ಸೇರುತ್ತದೆ. ಸೇರಿದ ಮೇಲೆ ಮೊಮ್ಮಕ್ಕಳ ಕಾಲಕ್ಕೂ ಹೊರಗೆ ಬರುವುದಿಲ್ಲ. ಇದು ಅವರಿಗೆ ಸಹಸ್ರನಾಮದಷ್ಟೇ ಕಂಠಪಾಠವಾಗಿತ್ತು. ಬೇಡವೆಂದರೆ ಊರು ಸಾಯುತ್ತದೆ, ಕೊಂದವನು ಲಂಡನ್ನಿನವನು ಎಂದಾಗುತ್ತದೆ. ಬೇಕೆಂದರೆ ನೀರು ಸಾಯುತ್ತದೆ.

"ಸೋಮವಾರ ಕೇಳ್ತೇನಿ," ಎಂದರು. ಹಾಗೆಂದ ಕ್ಷಣದಲ್ಲಿ ಆದ ನಿರಾಳವನ್ನು ಅವರು ಭಕ್ತಿಯೆಂದೇ ಭಾವಿಸಿದರು.

ಭಾನುವಾರ ಊರಿನಿಂದ ತಂಗಿ ಚಂದ್ರವ್ವ ಫೋನು ಮಾಡಿದಳು. ವಿಧವೆ. ಒಬ್ಬನೇ ಮಗ ಶಿವಪ್ರಕಾಶ ಪುಣೆಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ.

"ಅಣ್ಣಾ, ಮೊನ್ನೆ ಪಕ್ಕದ ಮನಿ ಮುದುಕ ಸತ್ತ. ಹೆಣ ಹೊರಾಕ ನಾಲ್ಕು ಮಂದಿ ಗಂಡಸರು ಸಿಗಲಿಲ್ಲ. ಮೂರು ಮಂದಿ ಸಿಕ್ಕರು. ನಾಲ್ಕನೇ ಹೆಗಲು ನಂದು."

ಬಸವಂತಪ್ಪನವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಆ ಹೂವಿಗೆ ಹೇಳು, ಬಲಕ್ಕ ಬೀಳು ಅಂತ."

"ಹಂಗ ಹೇಳಾಕ ಬರೂದಿಲ್ಲ ಚಂದ್ರಾ."

"ನನಗೂ ಗೊತ್ತೈತಿ. ಆದ್ರೂ ಹೇಳು."

"ಕುಡಿಯಾಕ ಇನ್ನೂ ಕೆರಿ ನೀರ ಏನು?"

"ಮತ್ತೇನು ಥೇಮ್ಸ್ ನೀರು ಕುಡೀಬೇಕೇನು ನಾವು?" ಎಂದು ಅವಳು ನಕ್ಕಳು. ಆ ನಗು ಅವರ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು.

ಸೋಮವಾರ ಐದೂವರೆಗೆ ಎದ್ದು, ಸ್ನಾನ ಮಾಡಿ, ಮಡಿಯುಟ್ಟು ದೇವರ ಮುಂದೆ ಕುಳಿತರು. ಆರೂವರೆಗೆ, ಎಂದರೆ ಊರಿನ ಮಧ್ಯಾಹ್ನ ಹನ್ನೆರಡಕ್ಕೆ, ಪಂಚಾಯಿತಿ ಕಚೇರಿಯಿಂದ ಕರೆ ಬರಲಿತ್ತು. ಊರೇ ಅಲ್ಲಿ ಸೇರಿರುತ್ತದೆ. ಅವರು ಎರಡು ಸೇವಂತಿಗೆಯ ಎಸಳುಗಳನ್ನು ನೀರಿನಲ್ಲಿ ತೋಯಿಸಿ, ತಾಯಿಯ ಭುಜಗಳಿಗೆ ಅಂಟಿಸಿದರು. ಕಣ್ಣು ಮುಚ್ಚಿದರು. ಗೋಡೆಯೊಳಗೆ ಎಲ್ಲಿಯೋ ಟಕ್ ಟಕ್ ಎಂದು ಲೋಹ ಹಿಗ್ಗುವ ಸದ್ದು ಆರಂಭವಾಯಿತು.

ಕರ್ಪೂರ ತಂದಿಟ್ಟ ರತ್ನಾಬಾಯಿ ಮೆಲ್ಲಗೆ ಹೇಳಿದರು: "ಹೀಟಿಂಗ್ ಚಾಲೂ ಆತು. ಇನ್ನೇನು, ಬೀಳ್ತೈತಿ ತಗೋರಿ."

ಅವರು ಕಣ್ಣು ತೆರೆದರು. "ಏನಂದಿ?"

"ಬಲಗಡೆ ಗ್ವಾಡ್ಯಾಗ ಬಿಸಿನೀರಿನ ಕೊಳವಿ ಐತಲ್ರೀ. ಚಳಿಗಾಲದಾಗ ದಿನಾ ಆ ಕಡೆ ಹೂವ ಮೊದಲ ಒಣಗಿ ಬೀಳ್ತೈತಿ. ಬ್ಯಾಸಗ್ಯಾಗ ಎರಡೂ ಕೂಡೇ ಬಾಡ್ತಾವ. ದಿನಾ ಗೂಡು ಒರಸಾಕಿ ನಾನಲ್ಲೇನು?"

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

ರತ್ನಾಬಾಯಿಯವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀರು, ಬಿಸಿ ಅಂತ ಮೂವತ್ತು ವರ್ಷ ಲ್ಯಾಬಿನ್ಯಾಗ ಕುಂತವರು ನೀವು. ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ. ಊರಿಗೆ ಹೂಂ ಅನ್ನೋ ಮನಸ್ಸು ನಿಮಗೈತಿ, ಅದಕ್ಕ ತಾಯಿನ್ನ ಇಲ್ಲೇ ಕುಂದ್ರಿಸ್ಯಾರ ಅಂದ್ಕೊಂಡಿದ್ದೆ."

ಮೊದಲ ಚಳಿಗಾಲದಲ್ಲಿ, ತಾಯಿಗೆ ಥಂಡಿಯಾಗಬಾರದೆಂದು, ಮನೆಯಲ್ಲೆಲ್ಲ ಬೆಚ್ಚಗಿನ ಮೂಲೆ ಇದೇ ಎಂದು ಆರಿಸಿದವರು ಅವರೇ. ದೀಪಾವಳಿಯಿಂದ ಯುಗಾದಿಯವರೆಗೆ: ಈ ದೇಶದಲ್ಲಿ ಮನೆ ಬೆಚ್ಚಗಿಡುವ ಕೊಳವೆ ಬಿಸಿಯಾಗುವ ತಿಂಗಳುಗಳೂ ಅವೇ. ಈ ಗೂಡಿನ ಮುಂದೆ ಅವರು ಮೂರು ಸಲ ಕೇಳಿದ್ದರು. ಮೂರು ಸಲವೂ ಬಲಕ್ಕೇ ಬಿದ್ದಿತ್ತು.

ಆ ಮೂರರಲ್ಲಿ ಒಂದು ೧೯೯೬ರ ಡಿಸೆಂಬರಿನದು. ಕೈಮಗ್ಗಗಳನ್ನು ಕಿತ್ತು, ನೇಕಾರರು ಕಾಲಿಳಿಸಿ ಕೂರುವ ಕುಣಿಗಳನ್ನು ಮುಚ್ಚಿ, ವಿದ್ಯುತ್ ಮಗ್ಗಗಳ ದೊಡ್ಡ ಷೆಡ್ಡು ಕಟ್ಟಬಹುದೇ ಎಂದು ಊರು ಕೇಳಿತ್ತು. ಹೂವು ಬಿತ್ತು. ಎಂಬತ್ತು ಮನೆಗಳಲ್ಲಿ ಕುಣಿ ಮುಚ್ಚಿದರು, ಚಂದ್ರವ್ವನ ಮನೆಯಲ್ಲಿಯೂ. ಎರಡೇ ವರ್ಷಕ್ಕೆ ಷೆಡ್ಡಿಗೆ ಬೀಗ ಬಿತ್ತು. ಶಿವಪ್ರಕಾಶ ಪುಣೆಯ ಬಸ್ಸು ಹತ್ತಿದ್ದು ಆಗಲೇ. ತಾಯಿಯ ಸಂಕಲ್ಪ ಅಗಮ್ಯವೆಂದು ಅಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು. ಈಗ ಆ ಮಾತು ಅವರನ್ನು ಕಾಯಲಿಲ್ಲ. ತಾಯಿ ಸುಳ್ಳಾಡಿರಲಿಲ್ಲ. ಇವರು ಅವಳನ್ನು ಮಾತನಾಡಲು ಬಿಟ್ಟಿರಲೇ ಇಲ್ಲ.

ಬಲಭುಜದ ಎಸಳಿನ ಅಂಚು ಆಗಲೇ ಮೇಲಕ್ಕೆ ಮುದುಡಿತ್ತು.

ಅವರು ಎದ್ದು, ಬಹುಶಃ ಜೀವಮಾನದಲ್ಲಿ ಮೊದಲ ಬಾರಿಗೆ ಮಡಿಯಲ್ಲಿ ಓಡಿ, ಅಡುಗೆಮನೆಯ ಬಾಯ್ಲರಿನ ಗುಂಡಿ ಒತ್ತಿ ಅದನ್ನು ನಿಲ್ಲಿಸಿದರು. ಹಿಂದಿರುಗಿ ಬಂದು ಎಸಳಿನ ಮೇಲೆ ಮತ್ತೆ ಹನಿ ನೀರು ಬಿಟ್ಟರು. ಹಾಗೆ ಬಿಡುವುದೂ ತಾಯಿಯ ಬಾಯಿಗೆ ಕೈಯಿಟ್ಟಂತೆಯೇ ಎಂದು ತಿಳಿದಾಗ ಕೈ ಹಿಂತೆಗೆದರು. ಬಿಸಿ ಮಾಡಿದರೂ ತಮ್ಮದೇ ಉತ್ತರ, ತಂಪು ಮಾಡಿದರೂ ತಮ್ಮದೇ ಉತ್ತರ. ಕೋಣೆ ತಣ್ಣಗಾಗತೊಡಗಿತು. ಎರಡು ಎಸಳುಗಳೂ ಕದಲದೆ ಅಂಟಿಕೊಂಡಿದ್ದವು. ದೈವಕ್ಕೆ ಬಿಡಬೇಕಾದುದಾವುದು, ಮನುಷ್ಯನು ಹೊರಬೇಕಾದುದಾವುದು ಎಂದು ಎಷ್ಟೋ ಗ್ರಂಥಗಳಲ್ಲಿ ಓದಿದ್ದ ಅವರಿಗೆ ಆ ಗೆರೆ ಈ ಗೂಡಿನೊಳಗೆ ಇದ್ದೀತೆಂದು ಹೊಳೆದಿರಲಿಲ್ಲ.

ಫೋನು ರಿಂಗಣಿಸಿತು.

"ಅಣ್ಣಾ, ನಾನು." ಚಂದ್ರವ್ವನ ದನಿಯ ಹಿಂದೆ ಜನರ ಗುಜುಗುಜು. "ಎಲ್ಲಾರೂ ಅದಾರ. ನೀ ಹೇಳಿದ್ದನ್ನ ಗಟ್ಟಿಯಾಗಿ ಹೇಳು ಅಂದಾರ ನನಗ. ಹೂವು ಯಾವ ಕಡೆ?"

"ಬಿದ್ದಿಲ್ಲ."

"ಹೂವು ಬಿದ್ದಿಲ್ಲಂತ!" ಎಂದು ಅವಳು ಜನರ ಕಡೆ ತಿರುಗಿ ಕೂಗಿದಳು. ಗುಜುಗುಜು ನಿಂತಿತು.

"ಇನ್ನ ಮ್ಯಾಲೆ ಹೂವು ಕೇಳೂದಿಲ್ಲ. ನಾನ ಹೇಳ್ತೇನಿ. ಹೊಂಡ ಕೆರಿಗಿಂತ ಮ್ಯಾಲ ಐತಿ. ಹೊಲಸು ನೀರಿನ ಉಪ್ಪು ಹತ್ತು ವರ್ಷದಾಗ ಕೆರಿಗೆ ಇಳೀತೈತಿ. ಹೊಂಡ ಕೆರಿಯ ಕೆಳಗ ಇರಬೇಕು, ತಳಕ್ಕ ನೀರು ಇಂಗದಂಥಾ ಹಾಸು ಇರಬೇಕು. ಅಲ್ಲೀತನಕ ಜಾಗ ಕೊಡಬ್ಯಾಡ್ರಿ."

ಅವಳು ಒಂದೊಂದಾಗಿ ಕೂಗಿ ಹೇಳಿದಳು. ಯಾರೋ ದೂರದಿಂದ ಒದರಿದರು: "ಮತ್ತ ಹೋದ ಸಲ ಷೆಡ್ಡಿಗೆ ಹೂವು ಹೆಂಗ ಬಿತ್ತು, ಕೇಳು!"

ಬಸವಂತಪ್ಪನವರು ಗೂಡಿನ ಕಡೆ ನೋಡಿದರು. ಈ ಒಂದು ಮಾತನ್ನು ನುಂಗಿಕೊಂಡರೆ ಸಾಕು, ಉಳಿದುದೆಲ್ಲ ಉಳಿಯುತ್ತದೆ. ಹಕ್ಕು, ಮನೆತನದ ಹೆಸರು, ತಂಗಿಯ ಕಣ್ಣಿನಲ್ಲಿರುವ ಅಣ್ಣ.

"ನಮ್ಮ ಮನಿ ಬಿಸಿನೀರಿನ ಕೊಳವಿಯಿಂದ ಬಿತ್ತು," ಎಂದರು. "ತಾಯಿ ಹೇಳಿದ್ದಲ್ಲ. ನನ್ನ ತಪ್ಪು. ಇವತ್ತು ಗೊತ್ತಾತು."

ಈ ಬಾರಿ ಚಂದ್ರವ್ವ ಕೂಗಲಿಲ್ಲ. ತಂತಿಯಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಮುಚ್ಚಿಹೋದ ಅವಳ ಗಂಡನ ಮಗ್ಗದ ಕುಣಿ, ಪುಣೆಯ ಬಸ್ಸು, ಹೆಣದ ನಾಲ್ಕನೇ ಹೆಗಲು, ಇವೆಲ್ಲ ಆ ಉಸಿರಿನಲ್ಲಿ ಸಾಲುಗಟ್ಟಿದಂತೆ ಅವರಿಗೆ ತೋರಿತು. ಆಮೇಲೆ ಅವಳ ದನಿ, ಮೊದಲಿಗಿಂತ ಸಣ್ಣದಾಗಿ, ಆದರೆ ಎಲ್ಲರಿಗೂ ಕೇಳುವಂತೆ: "ಕೊಳವಿ ಬಿಸಿಗೆ ಬಿತ್ತಂತ. ತಾಯಿ ಹೇಳಿದ್ದಲ್ಲಂತ. ತಪ್ಪು ತನ್ನದಂತ."

ಫೋನು ಕಡಿದುಹೋಯಿತು.

ಊರು ಅವರನ್ನು ಬಯ್ದಿತು. ಲಂಡನ್ನಿನಲ್ಲಿ ಕುಳಿತು ತಮ್ಮ ಹೊಟ್ಟೆಯ ಮೇಲೆ ಹೊಡೆದನೆಂದಿತು. ಮಹಾಲಿಂಗಪ್ಪ ಎರಡು ತಿಂಗಳು ಈ ಮನೆಯ ಬಾಗಿಲು ತುಳಿಯಲಿಲ್ಲ, ಕಾರ್ಖಾನೆಯನ್ನು ಬೇರೆ ಊರಿಗೆ ಒಯ್ಯುತ್ತೇನೆಂದು ಹೇಳಿ ಕಳುಹಿಸಿದ. ಬಸವಂತಪ್ಪನವರು ಆ ದಿನಗಳಲ್ಲಿ ಫೋನು ರಿಂಗಣಿಸಿದಾಗಲೆಲ್ಲ ಬೆಚ್ಚುತ್ತಿದ್ದರು. ಆದರೆ ಕೆರೆಯ ದಂಡೆಯ ಜಾಗವನ್ನು ಊರು ಕೊಡಲಿಲ್ಲ. ಪಂಚಾಯಿತಿಯಲ್ಲಿ ಒಬ್ಬಳೇ ಹಟ ಹಿಡಿದು ಕುಳಿತು ಅದನ್ನು ಕೊಡಲು ಬಿಡದವಳು ಚಂದ್ರವ್ವ.

ಯುಗಾದಿಯ ಹೊತ್ತಿಗೆ ಮಹಾಲಿಂಗಪ್ಪ ಹೊಸ ನಕ್ಷೆಯನ್ನು ತಂದು ಮೇಜಿನ ಮೇಲೆ ಎಸೆದ. ಹೊಂಡ ಕೆರೆಯ ಕೆಳಗಿಳಿದಿತ್ತು.

"ಕೌನ್ಸಿಲ್ ಪಾಡ ಕಾಕಾ, ನಿಮ್ಮ ತಂಗಿ ಮುಂದ."

"ಇಷ್ಟಾದ್ರೂ ನನಗ ನಂಬಿಕಿ ಇಲ್ಲೋ. ತಿಂಗಳಿಗೊಂದು ಬಾಟಲಿ ಕೆರಿ ನೀರು ನನಗ ಮುಟ್ಟಬೇಕು. ನಿನ್ನ ಅಂಗಡಿ ಮಾಲಿನ ಜೋಡಿ ಬರಲಿ."

ಮೊದಲ ಬಾಟಲಿ ಕಾರ್ಖಾನೆಗೆ ಅಡಿಗಲ್ಲು ಹಾಕುವ ಮುನ್ನವೇ ಬಂತು. ಸೋಡಾ ಬಾಟಲಿ, ಮೇಲೆ ಖಣದ ತುಂಡೊಂದರ ಸುತ್ತು. ನಿವೃತ್ತಿಯ ದಿನ ಗೆಳೆಯರು ಕೊಟ್ಟಿದ್ದ ಲೇಖನಿಯಂಥ ಉಪಕರಣವನ್ನು ನೀರಿನಲ್ಲಿ ಅದ್ದಿದರೆ ಉಪ್ಪಿನಂಶ ಸಂಖ್ಯೆಯಾಗಿ ತೋರುತ್ತಿತ್ತು: ಆರುನೂರ ನಲವತ್ತು. ಅದನ್ನು ಚೀಟಿಯಲ್ಲಿ ಬರೆದು, ಬಾಟಲಿಗೆ ಅಂಟಿಸಿ, ತಾಯಿಯ ಎಡಗಡೆ ಇಟ್ಟರು. ಹೊಸ್ತಿಲಾಚೆ ಬಿಡುತ್ತಿದ್ದ ವಿದ್ಯೆ ಅಂದು ಗೂಡಿನೊಳಗೆ ಬಂದಿತು.

೨೦೦೩ರಲ್ಲಿ ಕಾರ್ಖಾನೆ ತೆರೆಯಿತು. ಊರಿಗೆ ಎರಡು ಹೊಸ ಬಸ್ಸು ಬಂದವು, ಒಂದು ಚಹಾದಂಗಡಿ ಮೂರಾಯಿತು. ಬಾಟಲಿಗಳು ಬರುತ್ತಲೇ ಇದ್ದವು: ಆರುನೂರ ಐವತ್ತು, ಆರುನೂರ ಮೂವತ್ತೈದು, ಆರುನೂರ ಅರವತ್ತು. ಪ್ರತಿ ಬಾರಿಯೂ ಮುಚ್ಚಳ ತಿರುಗಿಸುವ ಮುನ್ನ ಅವರು ಹೆದರುತ್ತಿದ್ದರು. ಹಿಂದೆ ಹೂವಿನ ಮುಂದೆ ಹೆದರುತ್ತಿದ್ದುದಕ್ಕಿಂತ ಹೆಚ್ಚಾಗಿ. ಹೂವು ಬಿದ್ದರೆ ಹೊಣೆ ತಾಯಿಯದಾಗಿರುತ್ತಿತ್ತು.

೨೦೦೫ರ ನವೆಂಬರಿನಲ್ಲಿ ಬಂದ ಬಾಟಲಿಯ ಖಣದೊಳಗೆ ಚಂದ್ರವ್ವನ ಚೀಟಿ ಇತ್ತು. ಶಿವಪ್ರಕಾಶ ಪುಣೆ ಬಿಟ್ಟು ಬಂದು ಬಣ್ಣದ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ಲಗ್ನವೂ ಗೊತ್ತಾಗಿದೆ, ಮನೆಯಲ್ಲಿ ಈಗ ರಾತ್ರಿ ಎರಡು ತಾಟು ಹಾಕುತ್ತೇನೆ ಎಂದು ಬರೆಸಿದ್ದಳು. ಕೆಳಗೆ ಒಂದು ಸಾಲು: ನೀರು ನೋಡಿ ಹೇಳು.

ಬಸವಂತಪ್ಪನವರು ಉಪಕರಣವನ್ನು ಅದ್ದಿದರು. ಒಂಬೈನೂರ ಹತ್ತು.

ಒರೆಸಿ ಮತ್ತೆ ಅದ್ದಿದರು. ಮೂರನೆಯ ಬಾರಿ ಬೇರೆ ಲೋಟದಲ್ಲಿ. ಸಂಖ್ಯೆ ಅದೇ. ಕುಡಿಯಲಾಗದ ನೀರಲ್ಲ, ಇನ್ನೂ ಅಲ್ಲ. ಮಳೆ ಕಡಿಮೆಯಾಗಿರಬಹುದು. ಹೊಂಡದ ಹಾಸು ಹರಿದು, ತುಂಬಿದ ಹೊಲಸು ಎಲ್ಲೋ ಹಿಮ್ಮುಖವಾಗಿ ಇಂಗಿರಬಹುದು. ಹೊಂಡ ತುಂಬದಿರಲೆಂದು ಯಾರೋ ಕದ್ದು ಮೇಲಿನ ಹಳ್ಳಕ್ಕೆ ಬಿಟ್ಟಿರಲೂಬಹುದು. ಮುಂದಿನ ತಿಂಗಳವರೆಗೆ ಕಾಯಬಹುದಿತ್ತು. ಮುಂದಿನ ತಿಂಗಳು ಮದುವೆ.

ರತ್ನಾಬಾಯಿ ಬಾಗಿಲಲ್ಲಿ ನಿಂತಿದ್ದರು. "ಎಷ್ಟು ಬಂತು?"

ಅವರು ಸಂಖ್ಯೆ ಹೇಳಿದರು.

"ಅಷ್ಟಂದ್ರ?"

"ಕಾರ್ಖಾನಿ ನಿಲ್ಲಿಸಿ ನೋಡಬೇಕು, ಅಂದ್ರ."

ರತ್ನಾಬಾಯಿ ಫೋನನ್ನು ತಂದು ಅವರ ಮುಂದಿಟ್ಟರು. ಇಷ್ಟು ವರ್ಷಗಳಲ್ಲಿ ಯಾವಾಗಲೂ ಊರೇ ಅವರನ್ನು ಕರೆದಿತ್ತು. ಬಸವಂತಪ್ಪನವರು ತಾವಾಗಿ ಊರಿನ ಸಂಖ್ಯೆಯನ್ನು ಒತ್ತಿದರು. ಬೆರಳು ಎರಡು ಬಾರಿ ತಪ್ಪಿ, ಮೂರನೆಯ ಬಾರಿಗೆ ತಗುಲಿತು. ಗೋಡೆಯೊಳಗೆ ಕೊಳವೆ ಟಕ್ ಟಕ್ ಎನ್ನುತ್ತಿತ್ತು.

"ಹೇಳಣ್ಣಾ," ಎಂದಳು ಚಂದ್ರವ್ವ. ಹಿಂದೆ ಮಗನ ದನಿ, ಯಾವುದೋ ನಗು.

"ಮಂದಿನ್ನ ಕರಿ, ಚಂದ್ರಾ. ಶಿವಪ್ರಕಾಶನ್ನೂ ಕರಿ. ನಾ ಹೇಳೂದನ್ನ ಗಟ್ಟಿಯಾಗಿ ಹೇಳು."