ಬೀಗರ ಡಬ್ಬಿ ಸೈಕಲ್

ಭಾಗ್ಯನಗರದಲ್ಲಿ ಕಸ್ತೂರೆಮ್ಮನ ಸೈಕಲ್ ಅಂಗಡಿ ಎಲ್ಲಿದೆ ಎಂದು ಕೇಳಿ ನೋಡಿ, ಜನ ಕೈ ಮಾಡಿ ತೋರಿಸುವ ಮೊದಲು ನಿಮ್ಮ ಮುಖ ನೋಡುತ್ತಾರೆ. ಇಷ್ಟೂ ಗೊತ್ತಿಲ್ಲವೇ ಎಂಬಂತೆ! ಗಂಡ ತೀರಿಕೊಂಡಾಗ ಮಗ ಹುಲಿಗೇಶನಿಗೆ ನಾಲ್ಕು ವರ್ಷ. ಅಂಗಡಿ ಮಾರಿಬಿಡು ಎಂದವರೇ ಎಲ್ಲ. ಆಕೆ ಮಾರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಟ್ಟು ಬಿಗಿಯುವ ಪಾನಾ ಹಿಡಿದಳು. ಆಗಲೇ ಇಪ್ಪತ್ತಾರು ವರ್ಷವಾಯಿತು. ಪಂಚರ್ ಹಚ್ಚುವುದೇನು ಮಹಾ, ಯಾರು ಬೇಕಾದರೂ ಹಚ್ಚುತ್ತಾರೆ. ಸೊಟ್ಟಗಾದ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ನೆಟ್ಟಗೆ ತಿರುಗುವಂತೆ ಮಾಡುವುದಿದೆಯಲ್ಲ, ಅದಕ್ಕೆ ಕೈ ಬೇಕು, ಕಣ್ಣು ಬೇಕು, ತಾಳ್ಮೆ ಬೇಕು. ಮೊದಲಿನ ಎರಡು ಕಸ್ತೂರೆಮ್ಮನಿಗೆ ಧಾರಾಳವಾಗಿ ಇದ್ದವು.

ತಾಳ್ಮೆ ಇರಲಿಲ್ಲ ಎನ್ನುವುದಕ್ಕೆ ಅಂಗಡಿಯ ಬಾಗಿಲಿಗೆ ನೇತುಹಾಕಿದ್ದ ಕರಿಹಲಗೆಯೇ ಸಾಕ್ಷಿ. ಅದರ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದಳು: ಇಲ್ಲಿ ಡಬ್ಬಿ ಸೈಕಲ್ ಮುಟ್ಟುವುದಿಲ್ಲ. ಡಬ್ಬಿ ಸೈಕಲ್ ಎಂದರೆ ಮೊಬೈಲಿನಲ್ಲಿ ಒತ್ತಿ ತರಿಸಿದ್ದು. ಉದ್ದನೆಯ ರಟ್ಟಿನ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಹ್ಯಾಂಡಲ್, ಮುಂದಿನ ಗಾಲಿ, ಪೆಡಲ್, ಸೀಟು ಎಲ್ಲವನ್ನೂ ತಾವೇ ಕೂಡಿಸಿಕೊಳ್ಳಬೇಕು. ಎರಡು ವರ್ಷದಿಂದ ಓಣಿಗೆ ಓಣಿಯೇ ಡಬ್ಬಿ ತರಿಸುತ್ತಿತ್ತು. ಕೂಡಿಸಲು ಬಾರದೆ ಯಾರಾದರೂ ಇವಳ ಹತ್ತಿರ ತಂದರೆ ಕಸ್ತೂರೆಮ್ಮ ಪಾನಾ ಕೆಳಗಿಟ್ಟು ಬಿಡುತ್ತಿದ್ದಳು.

"ಎಲ್ಲಿ ತಗೊಂಡೀರಿ ಅಲ್ಲೇ ಒಯ್ರಿ. ಹಡಿಯಾಕ ಅವರು, ಬಾಣಂತನ ಮಾಡಾಕ ನಾನೇನು?"

ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪುತ್ತಿದ್ದರು. ಅದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಗೊತ್ತಿದ್ದುದನ್ನು ಮುಖದ ಮೇಲೆ ತೋರಿಸಿದರೆ ಅವಳು ಕಸ್ತೂರೆಮ್ಮನಲ್ಲ.

ಹೀಗಿರುವಾಗ ಸೊಸೆ ದ್ರಾಕ್ಷಾಯಿಣಿಗೆ ಕೆಲಸ ಸಿಕ್ಕಿತು. ಐದು ಕಿಲೋಮೀಟರ್ ಆಚೆಯ ಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹಾಜರಾಗಬೇಕು. ಆ ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಹುಲಿಗೇಶ ಮನೆಯಲ್ಲಿದ್ದ ಒಂದೇ ಬೈಕಿನಲ್ಲಿ ಗಿಣಿಗೇರಿಯ ಕಾರ್ಖಾನೆಗೆ ನಸುಕಿನಲ್ಲೇ ಹೊರಡುತ್ತಾನೆ. ಸೈಕಲ್ಲೇ ಗತಿ. ಇರಕಲ್ಲಗಡದಿಂದ ದ್ರಾಕ್ಷಾಯಿಣಿಯ ಅಪ್ಪ ಗೋಣೆಪ್ಪ ಫೋನ್ ಮಾಡಿ, "ಮಗಳ ಮೊದಲನೇ ನೌಕರಿ ಐತಿ, ಸೈಕಲ್ ನಾ ಕೊಡಸ್ತೀನಿ, ಐತವಾರ ಬರ್ತೀನಿ" ಎಂದ.

ಕಸ್ತೂರೆಮ್ಮ ಒಳಗೊಳಗೇ ಹಿಗ್ಗಿದಳು. ಬೀಗರು ಅಂಗಡಿಗೆ ಬರುತ್ತಾರೆ! ಕೊಕ್ಕೆಗೆ ನೇತುಹಾಕಿದ್ದ ಮೂರು ಹೊಸ ಸೈಕಲ್ಲುಗಳಲ್ಲಿ ಕೆಂಪನೆಯ ಲೇಡೀಸ್ ಸೈಕಲ್ಲನ್ನು ಇಳಿಸಿ, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟನ್ನು ಸೊಸೆಯ ಎತ್ತರಕ್ಕೆ ಸರಿ ಮಾಡಿ ಇಟ್ಟಳು. ಪಕ್ಕದ ಚಹಾದಂಗಡಿಯ ನೂರಜಾನಬಿಗೆ, "ನಮ್ಮ ಬೀಗರು ಬರಾಕತ್ತ್ಯಾರ, ಐತವಾರ ಚಹಾ ಛಲೋ ಮಾಡು" ಎಂದು ಎರಡೆರಡು ಸಲ ಹೇಳಿದಳು.

ಗುರುವಾರ ಮಧ್ಯಾಹ್ನ ಬಂದದ್ದು ಬೀಗರಲ್ಲ, ಉದ್ದನೆಯ ಡಬ್ಬಿ. ತಂದ ಹುಡುಗ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸಿ, "ದ್ರಾಕ್ಷಾಯಿಣಿ ಅನ್ನೋರು ಯಾರ್ರಿ? ಸೈಕಲ್ ಬಂದೈತಿ" ಎಂದು ಕೂಗಿದ. ಓಣಿಯ ಕಿವಿಗಳೆಲ್ಲ ನೆಟ್ಟಗಾದವು. ಕಸ್ತೂರೆಮ್ಮನ ಮುಖ ಕಪ್ಪಿಟ್ಟಿತು. ಸೈಕಲ್ ಅಂಗಡಿಯವಳ ಮನೆಗೇ ಡಬ್ಬಿ ಸೈಕಲ್! ಅವಳ ಬೀಗರಿಗೇ ಅವಳ ಅಂಗಡಿಯ ಮೇಲೆ ನಂಬಿಕೆಯಿಲ್ಲ ಎಂದರೆ ಇನ್ನು ಊರಿನವರು ಯಾಕೆ ಬಂದಾರು? ಇಪ್ಪತ್ತಾರು ವರ್ಷ ಕಟ್ಟಿದ ಹೆಸರು ಒಂದು ಮಧ್ಯಾಹ್ನಕ್ಕೆ ಮಣ್ಣು ಮುಕ್ಕಿತು ಎಂದೇ ಆಕೆಗೆ ಅನಿಸಿತು. ಕೆಂಪು ಸೈಕಲ್ಲನ್ನು ಎತ್ತಿ ಮತ್ತೆ ಕೊಕ್ಕೆಗೆ ಹಾಕಿದಳು.

ದ್ರಾಕ್ಷಾಯಿಣಿ ಅಳುವ ಹಾಗಾಗಿದ್ದಳು. "ಅತ್ತಿ, ನನಗೆ ಖರೇನ ಗೊತ್ತಿರಲಿಲ್ರಿ. ವಾಪಸ್ ಕಳಸಲೇನ್ರಿ?"

"ಯಾಕ ಕಳಸ್ತಿ? ಅಪ್ಪ ಪ್ರೀತೀಲೆ ಕೊಡಿಸ್ಯಾನ, ಹತ್ತು. ನಾ ಮಾತ್ರ ಅದನ್ನ ಮುಟ್ಟಾಕಿ ಅಲ್ಲ. ಹಲಿಗಿ ಓದಾಕ ಬರತೈತಿಲ್ಲೋ ನಿನಗ? ಟೀಚರ್ ಅದಿ."

ಹೇಳಿದ್ದ ಹಾಗೆ ಭಾನುವಾರ ಗೋಣೆಪ್ಪನೇ ಬಂದ. ಬಿಳಿ ಧೋತರ, ತಲೆಗೆ ಹಳದಿ ರುಮಾಲು, ಕೈಯಲ್ಲಿ ಪಾನಾಗಳ ಒಂದು ಗಂಟು. ಅಂಗಡಿಯ ಮುಂದಿನ ಬೇವಿನ ನೆರಳಿನಲ್ಲಿ ಡಬ್ಬಿ ಒಡೆದು, ಮೊಬೈಲನ್ನು ಇಟ್ಟಿಗೆಗೆ ಆನಿಸಿ ವಿಡಿಯೋ ಹಚ್ಚಿ ಕೂತೇಬಿಟ್ಟ. ನೋಡಲು ಹತ್ತು ಜನ ಸೇರಿದರು. ಕಸ್ತೂರೆಮ್ಮ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಪಂಚರ್ ಟ್ಯೂಬೊಂದನ್ನು ನೀರಿನಲ್ಲಿ ಮುಳುಗಿಸುತ್ತ, ನೋಡದವಳಂತೆ ಎಲ್ಲವನ್ನೂ ನೋಡಿದಳು.

ಮೊದಲು ಹ್ಯಾಂಡಲ್ ಕೂಡಿಸಿದ. ಗಾಲಿ ಹಿಡಿಯುವ ಮುಂದಿನ ಫೋರ್ಕು ಹಿಂದುಮುಂದಾಗಿತ್ತು, ಮುಂದಿರಬೇಕಾದ ಬ್ರೇಕು ಹಿಂದಕ್ಕೆ ಹೋಗಿ ಕೂತಿತ್ತು. ಕಸ್ತೂರೆಮ್ಮ ಟ್ಯೂಬನ್ನು ಮತ್ತೆ ನೀರಿಗೆ ಒತ್ತಿದಳು. ಆಮೇಲೆ ಪೆಡಲ್. ಎಡಗಡೆಯ ಪೆಡಲ್ಲಿನ ಥ್ರೆಡ್, ಅಂದರೆ ತಿರುಗಿಸಿ ಬಿಗಿಯುವ ಸುರುಳಿ ಗೆರೆ, ಉಲ್ಟಾ ಇರುತ್ತದೆ, ಸೈಕಲ್ ಕೆಲಸ ಕಲಿತವರು ಮೊದಲ ದಿನವೇ ಕಲಿಯುವ ಪಾಠ ಅದು. ಗೋಣೆಪ್ಪ ಬಲಗಡೆಯದನ್ನು ಎಡಕ್ಕೆ ಹಚ್ಚಿದ. ಅದು ಹೋಗಲಿಲ್ಲ. ಪಾನಾಕ್ಕೆ ಒಂದು ಕೊಳವೆ ಸಿಕ್ಕಿಸಿ ಜಗ್ಗಿದ. ಕಿರ್ರೆಂದು ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಇನ್ನೊಂದು ಕಡೆಯೂ ಅದೇ ಗತಿ. ಆ ಸದ್ದಿಗೆ ಕಸ್ತೂರೆಮ್ಮನ ಹಲ್ಲು ಜುಮ್ಮೆಂದಿತು. ಆದರೂ ಸುಮ್ಮನಿದ್ದಳು. ಸುಮ್ಮನಿದ್ದಳೇನು, ಒಳಗೆ ಸಣ್ಣಗೆ ಖುಷಿಯೂ ಪಟ್ಟಳು. ಮುರಿಯಲಿ. ನಾಲ್ಕು ಮಂದಿಯ ಎದುರೇ ಮುರಿಯಲಿ. ಆಗ ತಿಳಿಯುತ್ತದೆ ಅಂಗಡಿ ಯಾಕೆ ಬೇಕು ಅಂತ.

"ಆತು ನೋಡ್ರಿ!" ಎಂದು ಗೋಣೆಪ್ಪ ಎದ್ದು ನಿಂತು ಧೋತರ ಕೊಡವಿದ. "ಹತ್ತು ಮಗಳ, ಒಂದು ಸುತ್ತು ಹೊಡಕೊಂಡು ಬಾ."

ದ್ರಾಕ್ಷಾಯಿಣಿ ಸೆರಗು ಸಿಕ್ಕಿಸಿಕೊಂಡು, ಅಪ್ಪನ ಕಡೆಗೊಮ್ಮೆ ಅತ್ತೆಯ ಕಡೆಗೊಮ್ಮೆ ನೋಡಿ, ಸೈಕಲ್ ಏರಿ ಎಡಗಾಲನ್ನು ಪೆಡಲ್ ಮೇಲಿಟ್ಟಳು. ಎದುರಿಗೇ ಮುಖ್ಯರಸ್ತೆ. ಗಿಣಿಗೇರಿಗೆ ಅದಿರು ಹೊರುವ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

ಕಸ್ತೂರೆಮ್ಮ ಮುರಿಯಲಿ ಮುರಿಯಲಿ ಎಂದು ಕೂತಿದ್ದಳಲ್ಲ, ಮುರಿದಾಗ ಅದರ ಮೇಲೆ ಕೂತಿರುವವಳು ಯಾರು ಎಂಬುದನ್ನೇ ಮರೆತಿದ್ದಳು! ಟ್ಯೂಬ್ ಬಿಸಾಕಿ ಓಡಿ ಹೋಗಿ ಹಿಂದಿನ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು.

"ಇಳಿ! ಇಳಿಬೇ ಕೆಳಗ!"

ದ್ರಾಕ್ಷಾಯಿಣಿ ಗಾಬರಿಯಿಂದ ಧುಮುಕಿದಳು. ಕಸ್ತೂರೆಮ್ಮ ಎಡ ಪೆಡಲನ್ನು ಕಾಲಿನಿಂದ ಒಮ್ಮೆ ಒದ್ದಳು, ಒಂದೇ ಸಲ. ಪೆಡಲ್ ಕಳಚಿ ಮಣ್ಣಿಗೆ ಬಿತ್ತು. ನೆರೆದವರು "ಅಯ್ಯಯ್ಯಪ್ಪ" ಎಂದರು. ತನ್ನ ಮೇಲೆಯೇ ತನಗೆ ಹೇಸಿಗೆಯಾಯಿತು ಕಸ್ತೂರೆಮ್ಮನಿಗೆ. ಆದರೆ ಸಿಟ್ಟಿನ ಕೆಲಸವೇ ಹಾಗೆ, ತನ್ನ ಮೇಲೆ ಬಂದದ್ದು ಎದುರಿಗಿದ್ದವನ ಮೇಲೆ ಹೋಗಿ ಬಿತ್ತು.

"ಅಲ್ರೀ ಬೀಗರ, ಇಷ್ಟು ದೊಡ್ಡ ಅಂಗಡಿ ನಿಮ್ಮ ಕಣ್ಣಿಗೆ ಕಾಣಲಿಲ್ಲೇನ್ರಿ? ಸೈಕಲ್ ಅಂಗಡಿ ಬೀಗರನ್ನ ಇಟ್ಕೊಂಡು ಡಬ್ಬಿ ತರಿಸೀರಿ! ನನ್ನ ಮಾಲು ಅಷ್ಟು ಕೆಟ್ಟದೇನ್ರಿ? ಓಣ್ಯಾಗ ತಲಿ ಎತ್ತದಂಗ ಮಾಡಿದ್ರೆಲ್ಲ ನನ್ನ!"

ಗೋಣೆಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. ಅವನೂ ಸಣ್ಣ ಆಸಾಮಿಯೇನಲ್ಲ, ಧ್ವನಿ ಏರಿಸಿಯೇ ಹೇಳಿದ.

"ಕಂಡಿದ್ದಕ್ಕ ಬರಲಿಲ್ರಿ ಅಕ್ಕಾರ. ಹೋದ ವರ್ಷ ನನ್ನ ಸೈಕಲ್ಲಿಗೆ ಎರಡು ಟೈರ್ ಹಾಕಿದ್ರಿ. ರೊಕ್ಕ ತಗೋರಿ ಅಂದ್ರ ಬೀಗರ ಕಡೆ ರೊಕ್ಕ ಇಸ್ಕೊಂತಾರೇನ್ರಿ ಅಂತ ಕೈ ಸೈತ ಮುಂದ ಮಾಡಲಿಲ್ಲ. ಅದರ ಹಿಂದಿನ ವರ್ಷ ಚೈನು, ಅದೂ ಪುಕ್ಕಟೆ. ಈಗ ಸೈಕಲ್ ತಗೊಂಡಿದ್ರ ಇಸ್ಕೊಂತಿದ್ರೇನು ರೊಕ್ಕ? ಖರೇ ಹೇಳ್ರಿ."

ಕಸ್ತೂರೆಮ್ಮ ಬಗ್ಗಿ ಮಣ್ಣಿಗೆ ಬಿದ್ದಿದ್ದ ಪೆಡಲ್ ಎತ್ತಿಕೊಂಡಳು.

"ನೀವು ಇಸ್ಕೊಂತಿರಲಿಲ್ರಿ. ಅಂದಮ್ಯಾಲೆ ಅದು ಅತ್ತಿ ಕೊಟ್ಟ ಸೈಕಲ್ ಆಕ್ಕಿತ್ತು, ಅಪ್ಪ ಕೊಡಿಸಿದ್ದು ಹ್ಯಾಂಗಾಕ್ಕೈತ್ರಿ? ನನ್ನ ಮಗಳು ನೌಕರಿಗೆ ಹೊಂಟಾಳ. ನಮ್ಮ ಮನಿತನದಾಗ ಮೊದಲನೇದಾಕಿ. ಎರಡು ಟಗರು ಮಾರೀನ್ರಿ ನಾ ಇದಕ್ಕ. ಪುಕ್ಕಟೆ ತಂದು ಕೊಡಾಕ ನನಗ ಮನಸಾಗಲಿಲ್ಲ." ದ್ರಾಕ್ಷಾಯಿಣಿ ಅಪ್ಪನ ತೋಳು ಹಿಡಿದುಕೊಂಡಳು.

ನೂರಜಾನಬಿ ಚಹಾದ ಕಪ್ಪುಗಳನ್ನು ಹಿಡಿದು ನಿಂತಲ್ಲೇ ನಿಂತಿದ್ದಳು. ಕಸ್ತೂರೆಮ್ಮ ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದಳು, ಒದ್ದೆ ಅರಿವೆ ತಂದು ಕರಿಹಲಗೆಯನ್ನು ಒಂದೇ ಏಟಿಗೆ ಒರೆಸಿದಳು.

"ಏ ಕಸ್ತೂರಕ್ಕ, ಮಾತಂದ್ರ ಮಾತು ಅಂತಿದ್ದಿ?" ನೂರಜಾನಬಿ ಕೆಣಕಿದಳು.

"ಬರದಾಕಿ ನಾ, ಅಳಸಾಕಿ ನಾ. ನಿಂದೇನು ನಡುವ? ಚಹಾ ಆರತೈತಿ, ಕೊಡು ಬೀಗರಿಗೆ."

ಸೈಕಲ್ಲನ್ನು ನೆರಳಿಗೆ ಎಳೆದುಕೊಂಡು ಕೂತಳು. ಗೋಣೆಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ವಿಡಿಯೋದಾಗ ತೋರಿಸ್ದಂಗ ಮಾಡೀನ್ರಿ. ಆ ಮನಶ್ಯಾ ಎಡದ್ದು ಎಡಕ್ಕ ಹಾಕ್ರಿ ಅಂದ, ಹಾಕಿದೆ" ಎಂದು ಗೊಣಗಿದ.

"ಅಂವ ಅಂದದ್ದು ಸೈಕಲ್ಲಿನ ಎಡ. ಹತ್ತಿ ಕುಂತಾಗ ಎಡಗಾಲು ಬರೋ ಕಡೆ. ನೀವು ಸೈಕಲ್ ಮುಂದ ಕುಂತು ನಿಮ್ಮ ಎಡಗೈ ಕಡೆ ಹಾಕಿದ್ರಿ." ಅವಳು ಪಾನಾ ತಿರುಗಿಸುತ್ತಲೇ ಕೇಳಿದಳು. "ಬೀಗರ, ನಿಮ್ಮ ಜೋಡೆತ್ತಿನ್ಯಾಗ ಎಡಕ್ಕ ಹೂಡೋದು ಯಾವುದ್ರಿ?"

"ಕರೇದು. ಯಾಕ್ರಿ?"

"ನೀವು ಅದರ ಮುಂದ ಹೋಗಿ ನಿಂತ್ರಿ ಅನ್ರಿ. ಆಗ ಅದು ಬಲಗಡೆ ಎತ್ತು ಆಕ್ಕೈತೇನು?"

ಗೋಣೆಪ್ಪ ಕಪ್ಪು ಹಿಡಿದ ಕೈಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ. ಆಮೇಲೆ ಹಣೆ ಬಡಿದುಕೊಂಡು ದೊಡ್ಡದಾಗಿ ನಕ್ಕ. "ಥೂ ನನ್ನ! ಎಲ್ಲೇ ನಿಂತ್ರೂ ಎಡದ್ದು ಎಡದ್ದೇ ಅಲ್ರಿ! ನಲವತ್ತು ವರ್ಷ ಹೂಡೀನಿ, ಸೈಕಲ್ಲಿಗೂ ಹಂಗ ಅಂತ ತಿಳೀಲಿಲ್ಲ ನೋಡ್ರಿ ಈ ತಲಿಗೆ!"

ಕೆಟ್ಟಿದ್ದ ಥ್ರೆಡ್ಡನ್ನು ಸರಿ ಮಾಡುವುದೇ ಕೈಚಳಕದ ಕೆಲಸ. ಬೇರೆಯವರಾಗಿದ್ದರೆ ಪೆಡಲ್ ಕೂರುವ ಕ್ರ್ಯಾಂಕನ್ನೇ ಹೊಸದು ತರಿಸಿರಿ ಎನ್ನುತ್ತಿದ್ದರು. ಕಸ್ತೂರೆಮ್ಮ ಎಣ್ಣೆ ಬಿಟ್ಟು, ಎಡದ ಪೆಡಲನ್ನು ಹೊರಗಿನಿಂದಲ್ಲ, ತೂತಿನ ಒಳಬದಿಯಿಂದ ತಿರುಗಿಸಿದಳು. ಒಳಗಿನ ಥ್ರೆಡ್ಡುಗಳು ಕೆಟ್ಟಿರಲಿಲ್ಲ. ಅವುಗಳ ದಾರಿ ಹಿಡಿದು ಬಂದ ಪೆಡಲ್ ಹೊರಬದಿಯ ಕೆಟ್ಟ ಥ್ರೆಡ್ಡನ್ನೂ ನೇರ ಮಾಡಿಕೊಂಡು ಹೊರಬಂತು. ಬಲಕ್ಕೂ ಹಾಗೆಯೇ ಮಾಡಿದಳು. ಆಮೇಲೆ ಎರಡನ್ನೂ ಸರಿಯಾದ ಕಡೆಯಿಂದ ಹಚ್ಚಿ ಬಿಗಿದಳು. ಫೋರ್ಕು ತಿರುಗಿಸಿದಳು, ಬ್ರೇಕ್ ಬಿಗಿ ಮಾಡಿದಳು. ಹಿಂದಿನ ಗಾಲಿ ಸ್ವಲ್ಪ ವಾಲುತ್ತಿತ್ತು, ಹೊಸದೆಂದು ಹಾಗೇ ಬಿಡಲಿಲ್ಲ, ಕಡ್ಡಿ ಬಿಗಿದು ಅದನ್ನೂ ನೆಟ್ಟಗೆ ಮಾಡಿದಳು. ಒಂದೂವರೆ ತಾಸು ಯಾರೂ ಕದಲಲಿಲ್ಲ.

ದ್ರಾಕ್ಷಾಯಿಣಿ ಏರಿ ಹೊರಟಳು. ರಸ್ತೆಯ ತನಕ ಹೋಗಿ, ಬ್ರೇಕ್ ಹಿಡಿದು, ತಿರುಗಿ, ಗಂಟೆ ಬಾರಿಸುತ್ತ ಬಂದಳು. "ಬೆಣ್ಣಿ ಆಗೈತ್ರಿ ಅತ್ತಿ!" ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ಕಸ್ತೂರೆಮ್ಮ ಮದುವೆಯಾದ ಮೇಲೆ ನೋಡಿರಲಿಲ್ಲ.

"ಎಷ್ಟಾತ್ರಿ ಅಕ್ಕಾರ?" ಎಂದು ಗೋಣೆಪ್ಪ ಕೇಳಿದ. ಕೇಳಬೇಕೆಂದು ಕೇಳಿದ, ಅಷ್ಟೇ. ಕೈ ಜೇಬಿಗೆ ಹೋಗಿರಲಿಲ್ಲ. ಉತ್ತರ ಅವನಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು.

ಕಸ್ತೂರೆಮ್ಮನ ನಾಲಿಗೆಯ ತುದಿಗೆ 'ಬಿಡ್ರಿ ಬೀಗರ' ಎಂಬ ಮಾತು ಬಂದೇಬಿಟ್ಟಿತ್ತು. ಇಷ್ಟು ವರ್ಷ ಅದನ್ನು ಮರ್ಯಾದೆ ಎಂದುಕೊಂಡಿದ್ದಳು. ಈ ಮನುಷ್ಯನನ್ನು ಅದು ಎಷ್ಟು ಸಣ್ಣವನನ್ನಾಗಿ ಮಾಡಿತ್ತು ಎಂದು ಈಗ ತಿಳಿಯಿತು. ಮಾತನ್ನು ನುಂಗಿ, ಎಣ್ಣೆ ಹತ್ತಿದ ಅಂಗೈಯನ್ನು ಅವನ ಮುಂದೆ ಚಾಚಿದಳು.

"ಮುನ್ನೂರು."

ನೂರಜಾನಬಿ "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಹಿಡಿದಳು. ದ್ರಾಕ್ಷಾಯಿಣಿ ಸೈಕಲ್ ಹಿಡಿದು ನಿಂತುಬಿಟ್ಟಳು. ಗೋಣೆಪ್ಪ ಒಂದು ಗಳಿಗೆ ಆ ಕೈಯನ್ನೇ ನೋಡಿದ. ನಿಧಾನಕ್ಕೆ ಅವನ ಮುಖ ಅರಳಿತು, ಬೆನ್ನು ನೆಟ್ಟಗಾಯಿತು, ರುಮಾಲು ಸರಿ ಮಾಡಿಕೊಂಡ.

"ಮುನ್ನೂರು? ಎರಡು ಪೆಡಲ್ ಹಚ್ಚಿದ್ದಕ್ಕ ಮುನ್ನೂರೇನ್ರಿ? ಹಗಲು ದರೋಡೆ ಆತಲ್ರಿ ಇದು! ನಮ್ಮ ಇರಕಲ್ಲಗಡದಾಗ ನೂರಾ ಐವತ್ತಕ್ಕ ಮಾಡಿ ಕೊಡ್ತಾರ!"

"ಹಂಗಾರ ಇರಕಲ್ಲಗಡಕ್ಕ ಹೊತ್ಕೊಂಡು ಹೋಗ್ರಿ! ಕೆಡಿಸಿದ್ದು ನೀವು, ಒಂದೂವರೆ ತಾಸು ಬೆನ್ನು ಬಗ್ಗಿಸಿದ್ದು ನಾನು!"

"ಇನ್ನೂರಕ್ಕ ಬರ್ರಿ."

"ಎರಡುನೂರಾ ಐವತ್ತು. ಅದಕ್ಕಿಂತ ಒಂದು ರೂಪಾಯಿ ಕಮ್ಮಿ ಇಲ್ರಿ. ಬೀಗರು ಗೀಗರು ಅಂತ ನೋಡಾಕಿ ಅಲ್ಲ ನಾ!"

ಓಣಿಯ ಜನ ಇಬ್ಬರೂ ನಿಜವಾಗಿಯೇ ಜಗಳಕ್ಕೆ ಬಿದ್ದರೆಂದು ಬಾಗಿಲಿಗೆ ಬಂದು ನಿಂತರು. ಗೋಣೆಪ್ಪ ಒಳಜೇಬಿನಿಂದ ಎರಡುನೂರಾ ಐವತ್ತು ರೂಪಾಯಿಯ ನೋಟುಗಳನ್ನು ತೆಗೆದು, ಮಡಿಕೆ ಬಿಡಿಸಿ, ಎಲ್ಲರಿಗೂ ಕಾಣುವಂತೆ ಅವಳ ಅಂಗೈಯಲ್ಲಿಟ್ಟ. ಕಸ್ತೂರೆಮ್ಮ ಅವನ್ನು ಹಣೆಗೆ ಒತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಅಕ್ಕಾರ," ಎಂದ ಗೋಣೆಪ್ಪ, ಧ್ವನಿ ತಗ್ಗಿಸಿ, "ಇನ್ನ ನಾ ನಿಮ್ಮ ಅಂಗಡಿಗೆ ಧೈರ್ಯದಿಂದ ಬರಬಹುದು ಬಿಡ್ರಿ."

"ಬರ್ರಿ, ಬರ್ರಿ," ಎಂದಳು ಕಸ್ತೂರೆಮ್ಮ. "ಬರೋಮುಂದ ರೊಕ್ಕ ತರ್ರಿ."