ಪಡುವಲ ಬದಿಯ ಗೂಟಗಳು

ಆಟದ ಮೈದಾನದಲ್ಲಿ ಬಸವಲಿಂಗ ಸಾವುಕಾರರು ತನಗೆ ಕುರ್ಚಿ ಹಾಕಿಸಿದಾಗಲೇ ಮರಿಲಿಂಗಪ್ಪನಿಗೆ ಅನುಮಾನ ಬಂತು. ಇವರ ಅಪ್ಪ ಇದ್ದಾಗ ‘ಲೇ ಮರ್ಯಾ’ ಎಂದೇ ಕರೆಯುತ್ತಿದ್ದ. ಮಗ ಈಗ ‘ಮರಿಲಿಂಗಣ್ಣ, ಕೂಡ್ರಿ’ ಎನ್ನುತ್ತಿದ್ದಾರೆ. ಮೇಲೆ ಚಹಾ ಬೇರೆ.

ಸಾವುಕಾರರು ಶಹಾಪುರದ ಆ ಮೈದಾನದ ಕಮಿಟಿಗೆ ಅಧ್ಯಕ್ಷರು. “ಭೀಮರಾಯನಗುಡಿ ನರ್ಸರಿಯೊಳಗ ಮೂವತ್ತು ವರ್ಷ ಸಸಿ ಬೆಳೆಸೀರಿ,” ಎಂದರು. “ಪಡುವಲ ಬದಿಗೆ ಬಾರಾ ಮಹಿನಾ ಹಸರಿರೋ ಗಿಡ ಹಚ್ಚಬೇಕಂತ ಮಾಡೇವಿ. ಹೊರಗ ನಿಂತವರಿಗೆ ಒಳಗಿಂದೇನೂ ಕಾಣಬಾರದು. ಯಾವ ಗಿಡ ಆದಾವು, ನೀವ ಹೇಳ್ರಿ.”

“ಪಡುವಲ ಬದಿಗೆ ಅಷ್ಟ ಏನ್ರಿ?”

“ಅಷ್ಟ.”

ಮರಿಲಿಂಗಪ್ಪ ಚಹಾದ ಕಪ್ಪು ಕೆಳಗಿಟ್ಟ. ಅವನ ಓಣಿಯಿಂದ ಹೊರಟ ಕಾಲುದಾರಿ ಮೈದಾನದ ಮೂಲೆ ಹಾದು, ಪಡುವಲಕ್ಕೆ ಹೊರಬಿದ್ದು, ಓಣಿಯವರ ಸ್ಮಶಾನಕ್ಕೆ ಹೋಗುತ್ತದೆ. ಬೇರೆ ದಾರಿಯಿಲ್ಲ. ಅಪ್ಪ, ಅವ್ವ, ಹೆಂಡತಿ ದೇವಕಮ್ಮ, ಎಲ್ಲರನ್ನೂ ಅದರಲ್ಲೇ ಹೊತ್ತೊಯ್ದಿದ್ದರು. ನಾಳೆ ತನ್ನ ಪಾಳಿ.

ಸಾವುಕಾರರ ಅಪ್ಪನೂ ಹೀಗೇ ಒಮ್ಮೆ ಬೇಲಿ ಹಚ್ಚಿದ್ದ. ಆಡು ಬರ್ತಾವ ಎಂದು ನೆಪ ಹೇಳಿ ಬಾವಿಯ ಸುತ್ತ ಜಾಲಿ ಬಿತ್ತಿಸಿದ. ಮೂರು ಮಳೆಗಾಲಕ್ಕೆ ಓಣಿಯವರು ನೀರಿಗೆ ಹೋಗುವ ದಾರಿ ಕಾಣದಾಯಿತು. ಕೇಳಲು ಹೋದವರಿಗೆ, “ದಾರಿ ಎಲ್ಲದ, ತೋರಸು,” ಎಂದಿದ್ದ.

ಆದರೂ ಕೆಲಸವನ್ನು ಮರಿಲಿಂಗಪ್ಪ ಕೆಡಿಸಲಿಲ್ಲ. ಸಂಜೆ ಒಂದು ಕುಣಿ ತೋಡಿಸಿ ಎರಡು ಕೊಡ ನೀರು ಹೊಯ್ದ. ಮುಂಜಾನೆ ಬಂದು ನೋಡಿದರೆ ಅರ್ಧ ನೀರು ಹಾಗೇ ನಿಂತಿತ್ತು. ಎರೆಮಣ್ಣು, ಏರಿ ಮಾಡಿ ಹಚ್ಚದಿದ್ದರೆ ಬೇರು ಕೊಳೆಯುತ್ತದೆ. ಬೇವು ಬೇಡ, ಮಾಘದಲ್ಲಿ ಎಲೆ ಉದುರಿಸಿ ಬೆತ್ತಲೆ ನಿಲ್ಲುತ್ತದೆ. ಹೊಂಗೆಯ ಹಣೆಬರಹವೂ ಅದೇ. ಹುಣಸೆ ಹಸಿರೇನೋ ಸರಿ, ಬೆಳೆದರೆ ಅರ್ಧ ಮೈದಾನ ಅದಕ್ಕೇ ಬೇಕು. ಕಂಬದ ಅಶೋಕವೇ ಸೈ. ಬುಡದ ಸಂದಿಗೆ ಕಣಗಿಲೆ ಹಚ್ಚಿದರೆ ಆಡೂ ಮುಟ್ಟುವುದಿಲ್ಲ.

ಮರುದಿನ ಮಧ್ಯಾಹ್ನ ಗಿಡ ಹಚ್ಚುವ ಜಾಗದ ಗುರುತಿಗೆ ಆಳೆತ್ತರದ ಬಿದಿರು ಗೂಟಗಳು ಸಾಲಾಗಿ ನಿಂತಿದ್ದವು. ಈ ತುದಿಯಿಂದ ಆ ತುದಿಗೆ ನಡೆದ. ಎಲ್ಲೂ ಸಂದಿ ಬಿಟ್ಟಿಲ್ಲ. ಕಾಲುದಾರಿಯ ನಟ್ಟನಡುವೆಯೇ ಎರಡು ಗೂಟ. ಅತ್ತ ಇತ್ತ ನೋಡಿ ಒಂದನ್ನು ಕಿತ್ತ. ಇನ್ನೊಂದಕ್ಕೆ ಕೈ ಹಾಕಿದ್ದ.

“ಮುತ್ಯಾ! ಏನ್ ಮಾಡಾಕತ್ತಿ?”

ಮೊಮ್ಮಗಳು ಯಶೋಧರಾ. ಕಬಡ್ಡಿ ಆಡುವ ಅಂಗಿಯಲ್ಲೇ ಓಡಿಬಂದಿದ್ದಳು.

“ಸಾವ್ಕಾರ ದಾರಿ ಮುಚ್ಚಾಕತ್ತಾನ. ಅಪ್ಪಂದ ಬುದ್ಧಿ ಮಗಗ ಬಂದದ.”

“ಸಾವ್ಕಾರಲ್ಲ, ನಾನು. ಗಿಡ ಹಚ್ಚಸ್ರಿ ಅಂತ ಕಮಿಟಿಗೆ ಅರ್ಜಿ ಬರದಾಕಿ ನಾನ.” ಹೊರಗಿನ ಒಡ್ಡಿನ ಕಡೆ ಕೈ ತೋರಿಸಿದಳು. “ಅಲ್ಲಿ ಕುಂತು ಹುಡುಗ್ರು ನಾವು ಬಿದ್ದದ್ದು ಎದ್ದದ್ದು ಮೊಬೈಲಿನಾಗ ಹಿಡೀತಾರ. ಇಬ್ಬರು ಹುಡಿಗ್ಯಾರನ ಮನ್ಯಾಗ ಆಗಲೇ ಆಟ ಬಿಡಿಸ್ಯಾರ. ನಮ್ಮಪ್ಪಗ ಗೊತ್ತಾದ್ರ ನಂದೂ ಮುಗೀತು.”

“ಮತ್ತ ದಾರಿ?”

ಹುಡುಗಿ ತುಟಿ ಕಚ್ಚಿದಳು. “ನೆನಪಾಗಲಿಲ್ಲ ಮುತ್ಯಾ. ಎರಡು ವರ್ಷದಾಗ ಯಾರೂ ಸತ್ತಿಲ್ಲಲ್ಲ.”

“ನಾ ಒಬ್ಬವ ಲೇಟ್ ಮಾಡೀನಿ, ತಪ್ಪು ನಂದ ಬಿಡು.”

ಅವಳು ನಕ್ಕಳು. ಮುದುಕ ನಗಲಿಲ್ಲ. ಹುಡುಗಿ ಮರೆತದ್ದು ನಿಜವಿರಬಹುದು. ಸಾವುಕಾರ ಮರೆತಾನೆಯೇ?

ಸಂಜೆ ಮೈದಾನದಲ್ಲಿ ಸಾವುಕಾರರಿಗೆ ಹೇಳಿದ: “ದಾರಿ ಬಂದಲ್ಲಿಗೆ ಈ ಸಾಲು ಮುಗಸ್ರಿ. ಹೊರಮಗ್ಗಲಿಗೆ ಇನ್ನೊಂದು ಸಾಲು, ಮೊದಲಿನ ಸಾಲಿನ ತುದಿ ದಾಟಿ ಬರಲಿ. ನಡುವಿನ ಸಂದ್ಯಾಗ ಹೊಳ್ಳಿ ನಡದವರಿಗೆ ದಾರಿ ಅದ. ಒಡ್ಡಿನ ಮ್ಯಾಲ ಕುಂತವರಿಗೆ ಬರೇ ಎಲಿ ಕಾಣ್ತದ.”

“ಆಗಲಿ. ಹಂಗ ಮಾಡೋಣು,” ಎಂದರು ಸಾವುಕಾರರು.

ಇಷ್ಟು ಲಗೂನ? ಮರಿಲಿಂಗಪ್ಪನ ಅನುಮಾನ ಇನ್ನೊಂದು ಗೇಣು ಬೆಳೆಯಿತು.

“ಬೇಕಾದ್ರ ಕಾಗದದ ಮ್ಯಾಲ ಬರದು ಕೊಡ್ತೀನಿ,” ಎಂದೂ ಸೇರಿಸಿದರು ಸಾವುಕಾರರು.

“ಕಾಗದ ನನಗ ಓದಾಕ ಬರಂಗಿಲ್ರಿ. ಚಟ್ಟ ಹಾಯ್ತದೋ ಇಲ್ಲೋ, ಹೊತ್ತು ನೋಡೋಣು. ಒಂದು ಹೆಗಲು ನೀವು ಕೊಡ್ರಿ.”

ಸಾವುಕಾರರ ಮುಖ ಕಪ್ಪಿಟ್ಟಿತು. ಆದರೆ ಕಬಡ್ಡಿ ಹುಡುಗಿಯರೆಲ್ಲ ನಿಂತು ನೋಡುತ್ತಿದ್ದರು. ಒಲ್ಲೆ ಎನ್ನಲಾಗಲಿಲ್ಲ.

ಮರುದಿನ ಗೂಟಗಳನ್ನು ಎರಡು ಸಾಲಾಗಿ ಬದಲಿಸಿದ ಮೇಲೆ ಓಣಿಯ ಮೂವರು ಚಟ್ಟ ತಂದರು. ಆಗ ತೊಡಕೊಂದು ಎದ್ದಿತು. ಖಾಲಿ ಚಟ್ಟ ಹೆಗಲಿಗೇರಿಸಿದರೆ ಓಣಿಗೆ ಕೇಡು. ಯಾರೂ ಮುಂದೆ ಬರಲಿಲ್ಲ. ಮರಿಲಿಂಗಪ್ಪ ರುಮಾಲು ಬಿಗಿದು, ತಾನೇ ಹತ್ತಿ ಚಕ್ಕಳಮಕ್ಕಳ ಹಾಕಿ ಕುಳಿತ.

“ಮುತ್ಯಾ, ಇಳಿ ಕೆಳಗ!” ಯಶೋಧರಾ ಚೀರಿದಳು.

“ಸುಮ್ಮನಿರು. ಕುಂತಾಂವ ನಾನು, ಅಳಾಕಿ ನೀನೇನು?”

ನಾಲ್ವರು ಎತ್ತಿದರು. ಮುಂದಿನ ಎಡಹೆಗಲು ಸಾವುಕಾರರದು. ಎರಡು ಸಾಲಿನ ನಡುವೆ ಹೊಕ್ಕರು. ಹೊರಳುವ ಕಡೆ ಚಟ್ಟದ ಬಿದಿರು ಗೂಟಕ್ಕೆ ತಗುಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು.

“ಎರಡು ಮೊಳ ಸರಸ್ರಿ,” ಮೇಲಿಂದ ಮುದುಕ ಹೇಳಿದ. ಗೂಟ ಸರಿಯಿತು. ಚಟ್ಟ ಹೊರಳಿ ಹೊರಬಿತ್ತು.

“ಆತಲ್ಲ? ಇಳೀರಿನ್ನ,” ಸಾವುಕಾರರು ಏದುತ್ತ ಹೇಳಿದರು. “ನಾಳಿ ಮುಂಜಾನಿ ಕುಣಿ ತೋಡಸ್ತೀನಿ.”

“ನಾಳಿ ಅಂದ್ರ ಗೂಟಕ್ಕ ಕಾಲು ಬರ್ತಾವ್ರಿ. ಈಗ ತೋಡಸ್ರಿ. ಅಲ್ಲೀತನಾ ನಾ ಇಳಿಯಂಗಿಲ್ಲ.”

ಯಶೋಧರಾ ಹಾರೆ ಎತ್ತಿಕೊಂಡು ಬಂದು ಗೂಟದ ಬುಡಕ್ಕೆ ಹಾಕಿದಳು. ಭಾರಕ್ಕೆ ಸಾವುಕಾರರ ಹೆಗಲು ಬಾಗಿತ್ತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಲಗೂ ಲಗೂ ತೋಡವಾ,” ಎಂದರು, “ನಿಮ್ಮ ಮುತ್ಯಾ ಭಾಳ ವಜ್ಜಿ ಅದಾನ.”

ಮುದುಕ ಚಟ್ಟದ ಮೇಲಿಂದ ಬಗ್ಗಿ ಕುಣಿಯೊಳಗೆ ನೋಡಿದ.

“ಇನ್ನೊಂದು ಗೇಣು,” ಎಂದ.