ಬೇಲಿಯ ಕೊನೆಯ ಕಂಡಿ

ನನ್ನ ಖಾಕಿ ಪ್ಯಾಂಟಿನ ಮೊಣಕಾಲಿನ ಮೇಲೆ ಒಂದು ಇರುವೆ ಹುಲ್ಲಿನ ಬೀಜ ಹೊತ್ತು ಹತ್ತುತ್ತಿದೆ, ಮಡಿಕೆ ಬಂದಲ್ಲಿ ನಿಂತಿತು, ಬೀಜ ಇಳಿಸಿತು, ಮತ್ತೆ ಎತ್ತಿತು — ಕೊಡವಬಾರದು, ಅಲುಗಬಾರದು, ಕೆಮ್ಮು ಬಂದರೂ ನುಂಗಬೇಕು, ಬೇಲಿಯ ಕಂಡಿ ಇಲ್ಲಿಂದ ಕಲ್ಲೆಸೆತದ ದೂರ, ಗುಡ್ಡದ ಸುತ್ತ ಉಳಿದೆಲ್ಲ ಕಡೆ ತಂತಿ ಬಿಗಿದಾಗಿದೆ, ತೆರೆದು ಉಳಿದದ್ದು ಇದೊಂದೇ, ಬಂಡಿ ಹಾಯುವಷ್ಟು ಅಗಲ, ಬಿಸಿಲೇರುವುದರೊಳಗೆ ತಂತಿಯವರು ಟ್ರ್ಯಾಕ್ಟರಿನಲ್ಲಿ ಬಂದು ಇದನ್ನೂ ಮುಚ್ಚುತ್ತಾರೆ, ಅಷ್ಟರೊಳಗೆ ಅವಳು ಬರಬೇಕು, ಆ ಹೆಣ್ಣು ತೋಳ, ಮರಿಗಳು ಒಳಗೆ ಬಂಡೆಯ ಸಂದಿಯಲ್ಲಿ, ಅವಳ ಬೇಟೆ ಹೊರಗೆ ಬೀಳು ಹೊಲಗಳಲ್ಲಿ, ನಡುವೆ ಈ ಕಂಡಿ. ನಮ್ಮ ಅರಣ್ಯ ಇಲಾಖೆಯ ಗುರುಬಸವ ಸಾಹೇಬರು ಕೆಟ್ಟವರಲ್ಲ, ಆಫೀಸಿನಲ್ಲಿ ಚಹಾ ತರಿಸಿ ಮುಂದಿಟ್ಟರು, ಮಹೆಕ್, ನೀ ಹೇಳ್ತಿ, ನಾ ನಂಬ್ತೀನಿ, ಆದ್ರ ಮ್ಯಾಲಿನವ್ರಿಗೆ ಏನ್ ತೋರಿಸ್ಲಿ, ಒಂದು ಹೆಜ್ಜಿ ಗುರುತಾದ್ರೂ ಬೇಕಲ್ಲ, ಇಲ್ಲಾಂದ್ರ ಮುಚ್ಚೂದ. ಚಹಾದಲ್ಲಿ ಏಲಕ್ಕಿ ಇತ್ತು, ಏಲಕ್ಕಿ ಈಗಲೂ ನಾಲಿಗೆಯ ಮೇಲೆ ಇದ್ದ ಹಾಗೆ, ಸಿಟ್ಟು ಬಂದಿತ್ತು, ಆದರೆ ಅವರನ್ನು ಬಯ್ಯುವುದು ಹೇಗೆ, ಅವರು ಹೇಳಿದ್ದು ಸರಿಯಾಗಿಯೇ ಇತ್ತಲ್ಲ, ಬೇಲಿ ಬೇಕು, ಬೇಲಿ ಇಲ್ಲದಿದ್ದರೆ ಕಲ್ಲು ಒಡೆಯುವವರು ಇಷ್ಟೊತ್ತಿಗೆ ಅರ್ಧ ಗುಡ್ಡವನ್ನು ಲಾರಿಗೆ ತುಂಬಿರುತ್ತಿದ್ದರು, ಈಗ ಹುಲ್ಲು ನನ್ನ ಸೊಂಟದವರೆಗೆ ಬೆಳೆದಿದೆ, ಚಳಿಯಲ್ಲಿ ಒಣಗಿ ಕೆಂಪಾಗಿ ನಿಂತಿದೆ, ಗಾಳಿ ಬಂದರೆ ಇಡೀ ಇಳಿಜಾರು ಪಕ್ಕ ಬದಲಿಸುತ್ತದೆ, ನೋಡುತ್ತಾ ಕೂತರೆ ಸಂಬಳ ತಗೊಳ್ಳುವುದಕ್ಕೆ ನಾಚಿಕೆ. ಭಾನುವಾರ ಸಿಂಧನೂರಿನಿಂದ ಒಬ್ಬಾತ ಕಾರು ತುಂಬ ಮಕ್ಕಳನ್ನು ತಂದಿದ್ದ, ಗೇಟಿನಲ್ಲಿ ನಿಂತು, ಏನ್ರಿ ಮೇಡಂ, ಪಾರ್ಕ್ ಅಂತ ಬೋರ್ಡ್ ಹಾಕೀರಿ, ಜಾರುಬಂಡಿ ಎಲ್ಲೈತ್ರಿ, ನಾನು ಬಂಡೆ ತೋರಿಸಿದೆ, ಮಕ್ಕಳು ಸಂಜೆಯವರೆಗೆ ಅದರ ಮೇಲೆ ಜಾರಿ ಚಡ್ಡಿ ಹರಿದುಕೊಂಡರು, ಹೋಗುವಾಗ ಆತನ ಚಡ್ಡಿಯೂ — ನಗಬಾರದು, ಈಗ ನಗಬಾರದು.

ಪಕ್ಕದಲ್ಲಿ ಮಾಳಿಂಗರಾಯ ಕಾಕಾ ಕಂಬಳಿ ಹೊದ್ದು ಬಂಡೆಗೆ ಬಂಡೆಯಾಗಿದ್ದಾನೆ, ಕಂಬಳಿಯಿಂದ ಕುರಿಯ ವಾಸನೆ, ಬೆಚ್ಚಗಿನ ವಾಸನೆ, ಹೋದ ವಾರ ಇದೇ ತೋಳ ಅವನ ಹಟ್ಟಿಯಿಂದ ಒಂದು ಕುರಿಮರಿ ಎತ್ತಿಕೊಂಡು ಹೋಯಿತು, ಅವನು ಅಟ್ಟಿಸಿಕೊಂಡು ಹೋಗಲಿಲ್ಲ, ಅದರ ಪಾಲು ಅದು ಒಯ್ದೈತಿ ಬಿಡು ಅಂದ, ಅವರಲ್ಲಿ ಹಾಗೆಯೇ, ತೋಳದ ಬಾಯಿಗೆ ಹೋದದ್ದನ್ನು ಕಿತ್ತು ತರುವುದಿಲ್ಲ, ಹೆಂಡತಿ ಕನಕಮ್ಮ ಮಾತ್ರ ಊರಿಗೆಲ್ಲ ಕೇಳುವ ಹಾಗೆ, ಮರಿ ಕಳಕೊಂಡಾಂವ ಕಳ್ಳಿ ದಾರಿ ಕಾಯಾಕ ಹೊಂಟಾನ ನೋಡ್ರೆವ್ವಾ! ಅವನ ಲೆಕ್ಕ ಬೇರೆ, ಒಳಗ ಮರಿ ಸತ್ರ ಆ ತಾಯಿ ನನ್ನ ಹಟ್ಟಿ ಬಿಟ್ಟು ಎಲ್ಲಿ ಹೋದೀತು, ಮೊದಲ ಸಲ ಒಬ್ಬ ಕುರುಬ ತೋಳ ಬರ್ಲಿ ಅಂತ ಹರಕಿ ಹೊತ್ತಾನ, ದೇವ್ರಿಗೂ ನಗಿ ಬಂದೀತು. ಆದರೆ ಆ ತಾಯಿ ತೋಳ ಹೊರಗೆ ಉಳಿದದ್ದು ನನ್ನಿಂದಲೇ, ಗೊರೇಬಾಳದ ಹುಡುಗಿ ನಾನು, ಕಾಲುವೆ ನೀರು ಕುಡಿದು ಭತ್ತದ ಗದ್ದೆಯಲ್ಲಿ ಬೆಳೆದವಳು, ಹೆಜ್ಜೆ ಗುರುತು ಬೇಕು ಅಂದ ಕೂಡಲೇ ನನಗೆ ಹೊಳೆದದ್ದು ಕೆಸರು, ಟ್ಯಾಂಕರಿನಿಂದ ನೀರು ಬಿಟ್ಟು, ಕಂಡಿಯ ಉದ್ದಕ್ಕೂ ಮಣ್ಣು ತುಳಿದು, ಹಲಗೆ ಎಳೆದು, ಸಸಿ ಮಡಿಯ ಹಾಗೆ ನುಣ್ಣಗೆ ಮಾಡಿದೆ, ಕನ್ನಡಿಯ ಹಾಗೆ, ನಮ್ಮ ಅಬ್ಬಾ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು, ಮರುದಿನ ಬೆಳಿಗ್ಗೆ ಮಡಿಯ ತುಂಬ ಹೆಜ್ಜೆ, ಓಡಿ ಬಂದು ನೋಡಿದರೆ ಎಲ್ಲವೂ ಕೊಕ್ಕರೆಗಳದ್ದು. ಕಾಕಾ ಹೊಟ್ಟೆ ಹಿಡಿದು ನಕ್ಕ, ಏನ್ ಬೇ ಮಹೆಕವ್ವಾ, ತೋಳ ಬಂದು ನೆಲ್ಲು ಹಚ್ಚತೈತೇನು? ಹುಟ್ಟಿದಾಗಿನಿಂದ ಒಣ ನೆಲ ತುಳಿದ ಪ್ರಾಣಿ, ಮಿರಿಮಿರಿ ಕೆಸರು ಕಂಡರೆ ಕಾಲಿಡುತ್ತದೆಯೇ, ನಾನೂ ನಕ್ಕೆ, ಆಮೇಲೆ ಗಾಳಿ ತಿರುಗಿ ಬಂಡೆಯ ಕಡೆಯಿಂದ ಮರಿಗಳ ಕುಂಯ್‌ಗುಡುವ ಸದ್ದು ಬಂತು, ತಂತಿಯವರು ಮುಚ್ಚುವ ಮೊದಲೇ ಅವಳ ದಾರಿ ನಾನು ಮುಚ್ಚಿದ್ದೆ. ನಿನ್ನೆ ಇಬ್ಬರೂ ಸೇರಿ ಒಣ ಮಣ್ಣು ಹೊತ್ತು ಹಾಕಿದೆವು, ಹುಲ್ಲು ಚೆಲ್ಲಿದೆವು, ಅವನ ಕುರಿಗಳನ್ನು ಮೇಲೆ ಹಾಯಿಸಿದೆವು, ಹಳೆಯ ದಾರಿಯ ಹಾಗೆ ಕಾಣುವವರೆಗೆ, ಮನೆಯಲ್ಲಿ ಅಮ್ಮಿ ನನ್ನ ಉಗುರು ನೋಡಿ, ಹೌಲೀ, ಹುಚ್ಚಿ, ಸರ್ಕಾರಿ ನೌಕರಿ ಅಂತ ಕಳಿಸಿದ್ರ ಮಣ್ಣು ಹೊರಾಕತ್ತೀಯಲ್ಲ, ಆ ತೋಳಕ್ಕೊಂದು ಬುರ್ಖಾನೂ ಹೊಲಿಸ್ಲೇನು — ಬಯ್ಯುತ್ತಲೇ ರೊಟ್ಟಿಗೆ ಬೆಣ್ಣೆ ಹಚ್ಚಿದಳು.

ಟ್ರ್ಯಾಕ್ಟರ್. ಮಸ್ಕಿ ರಸ್ತೆಯಿಂದ, ಇಷ್ಟು ಬೇಗ, ಡುಗ್ ಡುಗ್ ಡುಗ್, ತಂತಿಯ ಸುರುಳಿಗಳು ಕುಣಿಯುತ್ತಿವೆ, ಚಕ್ರದ ಮೇಲಿನ ಸೀಟಿನಲ್ಲಿ ಸಾಹೇಬರೇ ಕೂತಿದ್ದಾರೆ, ಆಯಿತು, ಮುಗಿಯಿತು, ಎದ್ದು ಹೋಗಿ ಕೈ ಮುಗಿಯಲೇ, ಇನ್ನೊಂದು ದಿನ ಸಾಹೇಬರೇ ಎನ್ನಲೇ — ಕಾಕಾನ ಬೆರಳು ನನ್ನ ಮಣಿಕಟ್ಟಿನ ಮೇಲೆ, ಒತ್ತಿ ಹಿಡಿದಿದೆ, ಅಲ್ಲಿ ನೋಡು ಬೇ. ಬೀಳು ಹೊಲದ ಬದುವಿನಿಂದ ಒಣ ಹುಲ್ಲಿನ ಬಣ್ಣವೇ ಹುಲ್ಲಿನಿಂದ ಬೇರ್ಪಟ್ಟು ಬರುತ್ತಿದೆ, ಬಾಯಲ್ಲಿ ಮೊಲ, ಮೊಲದ ಕಿವಿ ನೇತಾಡುತ್ತಿದೆ, ತೆಳ್ಳಗಾಗಿದ್ದಾಳೆ, ಪಕ್ಕೆಲುಬು ಕಾಣುತ್ತವೆ, ಕಂಡಿಗೆ ಬಂದಳು, ಎಂಜಿನ್ ಸದ್ದಿಗೆ ಕಿವಿ ತಿರುಗಿಸಿದಳು, ಒಂದು ಮುಂಗಾಲು ಎತ್ತಿ ಹಾಗೆಯೇ ನಿಂತಳು, ಸಾಹೇಬರು ಡ್ರೈವರನ ಹೆಗಲು ಹಿಡಿದರು, ಎಂಜಿನ್ ನಿಂತಿತು, ಎತ್ತಿದ ಕಾಲು ಇನ್ನೂ ಇಳಿದಿಲ್ಲ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ನಾನು ಉಸಿರು ಬಿಟ್ಟಿಲ್ಲ — ಇಟ್ಟಳು, ಹಾಯ್ದಳು, ಕೆಂಪು ಹುಲ್ಲು ಮುಚ್ಚಿಕೊಂಡಿತು. ಸಾಹೇಬರು ಟ್ರ್ಯಾಕ್ಟರಿನ ಮೇಲಿಂದಲೇ, ಲೇ ಆದಪ್ಪಾ, ಗಾಡಿ ಹೊಳ್ಳಿಸು, ಇಲ್ಲಿ ತಂತಿ ಬ್ಯಾಡ, ಆದಪ್ಪ ಗೊಣಗುತ್ತಾ ಗೇರ್ ಎಳೆದ, ಕಾಕಾ ಕಂಬಳಿ ಕೊಡವಿ, ನನ್ನ ಹರಕಿ ನನ್ ಕೊರಳಿಗೇ ಬಂತಲ್ಲೋ, ಇನ್ನ ತೀರಿಸ್ಬೇಕು ಅಂತ ನಗುತ್ತಿದ್ದಾನೆ, ನಾನು ಎದ್ದು ಸಾಹೇಬರ ಹತ್ತಿರ ಹೋಗಬೇಕು, ಫೋಟೋ ತೆಗೆಯಲೇ ಇಲ್ಲ, ಇರಲಿ, ಮಣ್ಣಿನಲ್ಲಿ ಗುರುತು ಇರುತ್ತದೆ, ಅಮ್ಮಿಗೆ ಫೋನ್ ಮಾಡಬೇಕು, ಮರಿಗಳು ಈಗ ಮೊಲದ ಮೇಲೆ ಬಿದ್ದಿರುತ್ತವೆ, ಎಷ್ಟು ಮರಿಗಳೋ, ಏಳಬೇಕು, ಮೊಣಕಾಲು ಮರಗಟ್ಟಿದೆ, ಏಳುತ್ತೇನೆ, ಇನ್ನೊಂದು ಕ್ಷಣ — ಆ ಮುಂಗಾಲು, ಮಡಚಿ ಎತ್ತಿದ್ದು, ತುದಿಯಿಂದ ಒಂದಿಷ್ಟು ಒಣ ಮಣ್ಣು ಉದುರುತ್ತಿದ್ದದ್ದು, ಇನ್ನೂ ಕೆಳಗಿಡದ ಆ ಮುಂಗಾಲು